ಹನ್ನೊಂದು ವರ್ಷದ ಕಾಲರ್‌ಗಳು

ಸೋಮವಾರ ಬೆಳಿಗ್ಗೆ ಮಷೀನುಗಳು ಶುರುವಾಗುವ ಮೊದಲು ನಿಂತುಕೊಂಡು ಭಾಷಣ ಕೇಳುವುದು ಆ ಹೊಲಿಗೆ ಅಂಗಡಿಗೆ ಹೊಸದಾಗಿ ಬಂದ ಶಿಕ್ಷೆ. ಅಂಗಡಿಯ ಒಡತಿ, ಎಲ್ಲರ ಬಾಯಲ್ಲೂ ‘ಅಕ್ಕ’, ಎರಡು ತಿಂಗಳಿಂದ ಸಣ್ಣ ವ್ಯಾಪಾರಸ್ಥರಿಗೆ ನಾಯಕತ್ವ ಕಲಿಸುವ ಒಬ್ಬ ಸಲಹೆಗಾರನ ತರಗತಿಗೆ ಹೋಗುತ್ತಿದ್ದಳು. ಆ ಪುಣ್ಯಾತ್ಮ ಜೀವಮಾನದಲ್ಲಿ ಒಂದು ಗುಂಡಿ ಮಾರಿದವನಲ್ಲ, ಆದರೆ ಅಂಗಡಿ ಬೆಳೆಸುವುದು ಹೇಗೆಂದು ಗಂಟೆಗಟ್ಟಲೆ ಹೇಳಬಲ್ಲ. ಅವನು ಹೇಳಿದ್ದನ್ನೆಲ್ಲ ಅಕ್ಕ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದು ಕೆಲಸದವರ ಮುಂದೆ ಓದುತ್ತಿದ್ದಳು.

“‘ಎಲ್ಲವನ್ನೂ ತಾನೇ ಮಾಡುವ ಯಜಮಾನ ತನ್ನ ಅಂಗಡಿಗೆ ತಾನೇ ಅಡ್ಡ ನಿಲ್ಲುತ್ತಾನೆ. ನಿಮ್ಮವರನ್ನು ನಂಬಿ, ಕೆಲಸ ಬಿಟ್ಟುಕೊಡಿ,’” ಎಂದು ಆ ದಿನ ಓದಿದಳು. ಆಮೇಲೆ ಕನ್ನಡಕ ತೆಗೆದು, “ಅದಕ್ಕೇ ಹೇಳ್ತಿದೀನಿ, ಕೇಳಿ. ಬಸ್ ನಿಲ್ದಾಣದ ಹತ್ರ ಎರಡನೇ ಅಂಗಡಿ ತೆಗೀತಿದೀವಿ. ಅದನ್ನ ನಡೆಸೋಳು ನನ್ನ ತಂಗಿ. ಪೂರ್ತಿ ಅವಳದೇ ಜವಾಬ್ದಾರಿ,” ಎಂದಳು.

ತಂಗಿಗೆ ಭೂಮಿಯ ಮೇಲೆ ಕಾಲು ನಿಲ್ಲಲಿಲ್ಲ. ಹನ್ನೊಂದು ವರ್ಷದಿಂದ ಆ ಅಂಗಡಿಯ ಷರ್ಟುಗಳಿಗೆಲ್ಲ ಕಾಲರ್ ಹೊಲಿಯುತ್ತಿದ್ದವಳು ಅವಳೇ. ತೋಳು ಒಂದಿಷ್ಟು ಆಚೀಚೆಯಾದರೆ ಗಿರಾಕಿ ಸಹಿಸಿಕೊಳ್ಳುತ್ತಾನೆ. ಕಾಲರಿನ ಎರಡು ತುದಿ ಸಮ ಬರದಿದ್ದರೆ ಬೀದಿಯೆಲ್ಲ ಹೇಳಿಕೊಂಡು ಬರುತ್ತಾನೆ. ಅವಳ ಕಾಲರಿಗೆ ದೂರು ಬಂದದ್ದು ಒಂದೇ ಸಲ, ಅದೂ ಕೆಲಸಕ್ಕೆ ಸೇರಿದ ಹೊಸದರಲ್ಲಿ. ಆ ಹೆಮ್ಮೆಯನ್ನು ಅವಳು ಯಾರ ಮುಂದೂ ಆಡಿ ತೋರಿಸಿದವಳಲ್ಲ, ಆದರೆ ದಿನಾ ಮಷೀನಿನ ಮುಂದೆ ಕೂರುತ್ತಿದ್ದದ್ದು ಅದರ ಬಲದಿಂದಲೇ.

ಮಧ್ಯಾಹ್ನ, ಇತ್ತೀಚೆಗೆ ಮೈ ಬಂದ ಗಿರಾಕಿಯೊಬ್ಬ ಇಲ್ಲೇ ಹೊಲಿಸಿದ್ದ ಹಳೆಯ ಷರ್ಟು ತಂದು, “ಕತ್ತಿನ ಹತ್ರ ಬಿಗಿ, ಸ್ವಲ್ಪ ಸಡಿಲ ಮಾಡಿಕೊಡಿ,” ಎಂದು ಕೊಟ್ಟು ಹೋದ. ಇಂಥ ರಿಪೇರಿ ಯಾವಾಗಲೂ ಅಕ್ಕನ ಕೈಗೇ ಹೋಗುತ್ತಿತ್ತು, ಆ ದಿನ ಅಕ್ಕ ಬಟ್ಟೆ ಕತ್ತರಿಸುವುದರಲ್ಲಿದ್ದಳು. ತಂಗಿ ಕಾಲರ್ ತಿರುವಿ ನೋಡಿದಳು. ಹೊಲಿಗೆಯ ಕೊನೆಯಲ್ಲಿ ದಾರದ ಸಣ್ಣ ಗಂಟಿತ್ತು.

ಹೊಲಿಯುವವರಿಗೆ ತಮ್ಮ ಹೊಲಿಗೆ ಕೈಬರಹವಿದ್ದ ಹಾಗೆ. ಸಾಲು ಮುಗಿಯುವಾಗ ತಂಗಿ ಮಷೀನನ್ನು ಎರಡು ಹೊಲಿಗೆ ಹಿಂದಕ್ಕೆ ಓಡಿಸಿ ನಿಲ್ಲಿಸುತ್ತಾಳೆ, ಗಂಟು ಹಾಕುವುದಿಲ್ಲ. ಗಂಟು ಹಾಕುವುದು ಅಕ್ಕನ ಅಭ್ಯಾಸ. ತಂಗಿ ಎದ್ದು ಹೋಗಿ, ಇಸ್ತ್ರಿಯಾಗಿ ತೂಗುಹಾಕಿದ್ದ ಷರ್ಟುಗಳ ಕಾಲರ್‌ಗಳನ್ನು ಒಂದೊಂದಾಗಿ ತಿರುವಿದಳು. ಒಂಬತ್ತು ಷರ್ಟು, ಒಂಬತ್ತು ಗಂಟು. ಎಲ್ಲವೂ ಹೋದ ವಾರ ತಾನೇ ಹೊಲಿದವು.

ಕಿಟಕಿಯ ಬಳಿ ಕೈಯಲ್ಲಿ ಗುಂಡಿಯ ಕಾಜ ಹೊಲಿಯುತ್ತಿದ್ದ ಮುದುಕಿಯನ್ನು ಎಲ್ಲರೂ ಕಾಜದಮ್ಮ ಎನ್ನುತ್ತಿದ್ದರು. ತಂಗಿ ಒಂದು ಷರ್ಟನ್ನು ಅವಳ ಮುಂದೆ ಹಿಡಿದು, “ಇದು ಯಾರ ಕೈ?” ಎಂದಳು.

“ನಿಮ್ಮಕ್ಕಂದು. ದಿನಾ ಬೆಳಿಗ್ಗೆ ಆರಕ್ಕೆ ಬಂದು ನಿನ್ನ ಕಾಲರ್‌ಗಳನ್ನ ಬಿಚ್ಚಿ ಹೊಲೀತಾಳಲ್ಲ, ನಮ್ಮನೆ ಮಹಡಿಯಿಂದ ಕಾಣುತ್ತೆ. ನೀವಿಬ್ರೂ ಮಾತಾಡಿಕೊಂಡೇ ಮಾಡ್ತಿದೀರ ಅಂದ್ಕೊಂಡಿದ್ನಮ್ಮ.”

ತಂಗಿಯ ಪಿತ್ತ ನೆತ್ತಿಗೇರಿತು. ಕಾಜದಮ್ಮನಿಗೂ ಗೊತ್ತಿದ್ದದ್ದು ತನಗೆ ಗೊತ್ತಿಲ್ಲ! ನೇರವಾಗಿ ಕತ್ತರಿಸುವ ಮೇಜಿಗೆ ಹೋಗಿ, ಅಕ್ಕ ಗೆರೆ ಹಾಕುತ್ತಿದ್ದ ಬಟ್ಟೆಯ ಮೇಲೇ ಒಂಬತ್ತು ಷರ್ಟುಗಳನ್ನೂ ಸುರಿದಳು.

“ಯಾವತ್ತಿಂದ ನಡೀತಿದೆ ಇದು?”

ಅಕ್ಕ ಷರ್ಟುಗಳನ್ನು ನೋಡಿದಳು, ತಂಗಿಯ ಮುಖ ನೋಡಿದಳು. ಮಷೀನುಗಳು ಒಂದೊಂದಾಗಿ ನಿಂತವು.

“ಯಾರೋ ಗಿರಾಕಿ ಷರ್ಟನ್ನ ನಿನ್ನ ಮುಖಕ್ಕೆ ಎಸೆದನಲ್ಲ, ನೀನು ಸೇರಿದ ಹೊಸದರಲ್ಲಿ. ಅವತ್ತು ನೀನು ಅತ್ತಿದ್ದು ನನಗೆ ನೋಡೋಕಾಗಲಿಲ್ಲ. ಮಾರನೇ ದಿನದಿಂದ...”

“ಒಂದು ಮಾತು ಹೇಳಬಾರದಿತ್ತಾ? ತಪ್ಪು ತೋರಿಸಿದ್ರೆ ಕಲೀತಿರಲಿಲ್ವಾ ನಾನು?”

“ನಿನಗೆ ಬೇಜಾರಾಗಬಾರದು ಅಂತ ಕಣೇ.”

“ಬೇಜಾರು! ಹನ್ನೊಂದು ವರ್ಷ ಬಂದೋರ ಮುಂದೆಲ್ಲ ನನ್ನ ಹೊಗಳಿ, ಬೆಳಿಗ್ಗೆ ಬಂದು ಬಿಚ್ಚಿ ಹಾಕಿದೀಯ. ಅಷ್ಟು ಸಾಲದು ಅಂತ ಇವತ್ತು ನಂಬಿಕೆ ಬಗ್ಗೆ ಭಾಷಣ ಬೇರೆ! ನನಗೆ ಅಂಗಡಿ ಕೊಡ್ತೀನಿ ಅಂದ್ಯಲ್ಲ, ಕಾಲರ್ ಹೊಲಿಯೋಕೆ ಬರುತ್ತೋ ಇಲ್ವೋ ಅಂತ ಈಗ ನನಗೇ ಗೊತ್ತಿಲ್ಲ. ಅಲ್ಲಿಗೂ ಬಂದು ಬಿಚ್ತಿದ್ಯಾ?”

ಅಕ್ಕ ಕೈಯಲ್ಲಿದ್ದ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟಳು. ಆ ಲೆಕ್ಕಾಚಾರ ಅವಳ ತಲೆಯಲ್ಲಿ ಆಗಲೇ ನಡೆದಿತ್ತು. ಆರಕ್ಕೆ ಇಲ್ಲಿ, ಏಳೂವರೆಗೆ ಅಲ್ಲಿ.

ತಂಗಿ ತನ್ನ ಮಷೀನಿನ ಬಳಿ ಹೋಗಿ, ಆ ದಿನ ತಾನು ಹೊಲಿದು ಮುಗಿಸಿದ್ದ ಷರ್ಟನ್ನು ತಂದು ಅಕ್ಕನ ಕೈಗೆ ತುರುಕಿದಳು. “ಇದನ್ನ ನೀನಿನ್ನೂ ಮುಟ್ಟಿಲ್ಲ. ನೋಡು. ಎಲ್ಲರ ಮುಂದೆ ನನ್ನ ತಪ್ಪು ತೋರಿಸು.”

ಅಕ್ಕ ಕನ್ನಡಕ ಹಾಕಿಕೊಂಡಳು. ಕಾಲರಿನ ಎರಡು ತುದಿಗಳನ್ನು ಒಂದರ ಮೇಲೊಂದು ಇಟ್ಟು ನೋಡಿದಳು, ಟೇಪು ಹಿಡಿದು ಅಳೆದಳು. ಬೆಳಕಿಗೆ ಹೋಗಿ ಒಳಗಿನ ಪಟ್ಟಿ ಸುಕ್ಕಾಗಿದೆಯೇ ಎಂದು ಬೆರಳಾಡಿಸಿದಳು. ತಪ್ಪು ಸಿಕ್ಕಿದ್ದರೆ ಅವಳಿಗೆ ಅಷ್ಟಾದರೂ ಮಾನ ಉಳಿಯುತ್ತಿತ್ತು.

“ಇದರಲ್ಲಿ ಏನೂ ಇಲ್ಲ,” ಎಂದಳು.

“ನಿನ್ನೇದರಲ್ಲಿ ಏನಿತ್ತು?”

“ನೋಡಲಿಲ್ಲ.”

“ಹೋದ ವರ್ಷದ್ದರಲ್ಲಿ?”

ಅಕ್ಕ ಸ್ಟೂಲು ಎಳೆದುಕೊಂಡು ಕೂತಳು. “ಮೊದಮೊದಲು ನೋಡಿ ಬಿಚ್ತಿದ್ದೆ. ಆಮೇಲಾಮೇಲೆ ಬಂದ ತಕ್ಷಣ ಬಿಚ್ಚೋದೇ. ನಿನ್ನ ಕೈ ಯಾವಾಗ ಸರಿಹೋಯ್ತೋ ನನಗೆ ಗೊತ್ತಿಲ್ಲ.”

ಇಷ್ಟು ಹೊತ್ತೂ ತಂಗಿಗೆ ಇದ್ದದ್ದು ಸಿಟ್ಟು. ಈಗ ಅದಕ್ಕೆ ಸಂಕಟವೂ ಸೇರಿತು. ಯಾವತ್ತೋ ಒಂದು ದಿನ ಅವಳು ಮೊದಲ ಸಲ ಅಕ್ಕನಷ್ಟೇ ಚೆನ್ನಾಗಿ ಹೊಲಿದಿದ್ದಳು. ಆ ದಿನದ ಕಾಲರನ್ನೂ ಕಣ್ಣೆತ್ತಿ ನೋಡದೆ ಬಿಚ್ಚಿ ಎಸೆದಿದ್ದಳು ಇವಳು. ಪ್ರೀತಿಯಂತೆ, ಪ್ರೀತಿ! ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಹಾಗಾದ್ರೆ ಹೊಸ ಅಂಗಡಿ ಬೇಡ ಅಂತೀಯಾ?”

“ಬೇಡ ಅಂತ ಯಾರಂದ್ರು? ಬೇಕು. ಅದರ ಬೀಗದ ಕೈ ಕೊಡು. ಎರಡೂ ಕೊಡು.”

“ನನ್ನ ಹತ್ರ ಒಂದಿರಲಿ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ?”

“ಆಗಲಿ. ಗಿರಾಕಿ ಬೈದ್ರೆ ಬೈಸಿಕೊಳ್ತೀನಿ. ಬಿಚ್ಚಬೇಕಾಗಿ ಬಂದ್ರೆ ನಾನೇ ಬಿಚ್ಚಿ ಹೊಲೀತೀನಿ.”

“ನನಗೆ ಬಂದು ನೋಡಬೇಕು ಅನ್ಸಿದ್ರೆ?”

“ಹತ್ತು ಗಂಟೆ ಮೇಲೆ ಗಿರಾಕಿ ಥರ ಬಾ. ಬಟ್ಟೆ ತಗೊಂಡು ಬಾ, ಅಳತೆ ತಗೊಳ್ತೀನಿ.”

ನಗಲು ಯಾರಿಗೂ ಧೈರ್ಯ ಬರಲಿಲ್ಲ. ಅಕ್ಕ ಸೊಂಟದಿಂದ ಬೀಗದ ಕೈಗಳ ಗೊಂಚಲು ತೆಗೆದು, ಅದರ ಬಿಗಿಯಾದ ರಿಂಗಿನಿಂದ ಹೊಸ ಅಂಗಡಿಯ ಎರಡು ಕೀಗಳನ್ನು ಬಿಡಿಸಲು ಶುರುಮಾಡಿದಳು. ಉಗುರು ಸಿಗಿದುಕೊಂಡಿತು, ಸುಮಾರು ಹೊತ್ತು ಹಿಡಿಯಿತು. ತಂಗಿ ಅಂಗೈ ಚಾಚಿಕೊಂಡು ನಿಂತಿದ್ದಳು, ಸಹಾಯ ಮಾಡಲಿಲ್ಲ.