ಊಟದ ಭೋಂಗಾ ಅಲ್ಲ

ಹೈದರಾಬಾದಿನ ಸನತ್‌ನಗರದ ಕಾರ್ಮಿಕರ ಕ್ವಾರ್ಟರ್ಸಿನಲ್ಲಿ ಹುಟ್ಟಿದ ಮಗು ಕೂಡ ಭೋಂಗಾ, ಅಂದರೆ ಸೈರನ್ನು, ಕೂಗಿದರೆ ಬೆಚ್ಚುವುದಿಲ್ಲ. ಕಾರ್ಖಾನೆಯಲ್ಲಿ ಪಾಳಿ ಬದಲಾಯಿತು, ಇಲ್ಲವೇ ಊಟದ ಹೊತ್ತಾಯಿತು, ಅಷ್ಟೇ. ವನಜಾಳ ಒಲೆ ಹೊತ್ತುವುದೂ ಆರುವುದೂ ಅದೇ ಕೂಗಿಗೆ. ಆ ರೂಢಿಯೇ ಒಂದು ಭಾನುವಾರ ಅವಳ ಅತ್ತೆಯ ಜೀವಕ್ಕೆ ಕುತ್ತಾಗಲಿತ್ತು.

ಅತ್ತೆ ಗುರುಬಾಯಿ ಹರೆಯದಲ್ಲಿ ಕೃಷ್ಣಾ ನದಿಯ ಅಣೆಕಟ್ಟೊಂದಕ್ಕೆ ಕಲ್ಲು ಹೊತ್ತವಳು. ಕಟ್ಟೆ ಎದ್ದಿತು, ವಿದ್ಯುತ್ ಹುಟ್ಟಿತು, ಹೈದರಾಬಾದು ಝಗಮಗಿಸಿತು. ಕಲ್ಲು ಹೊತ್ತವರನ್ನು ಮಾತ್ರ ಯಾರೂ ಕರೆದು ಕಟ್ಟೆ ತೋರಿಸಲಿಲ್ಲ. ಅದನ್ನು ನೋಡಲೇಬೇಕೆಂಬ ಮುದುಕಿಯ ಹಟಕ್ಕೆ ಮಣಿದು ಕ್ವಾರ್ಟರ್ಸಿನ ನಾಲ್ಕು ಮನೆಯವರು ರೊಟ್ಟಿಬುತ್ತಿ ಕಟ್ಟಿಕೊಂಡು, ವ್ಯಾನು ಮಾಡಿಕೊಂಡು ಅಲ್ಲಿಗೆ ಬಂದರು.

ಕಟ್ಟೆಯ ಕೆಳಗೆ ಹೊಳೆ ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತಿತ್ತು. ಗುರುಬಾಯಿ ಪಾದ ಮುಳುಗುವಷ್ಟು ನೀರು ದಾಟಿ, ನಡುಬಂಡೆಯ ಮೇಲೆ ಕುಳಿತು, ಕಟ್ಟೆಯನ್ನೇ ನೋಡುತ್ತ ರೊಟ್ಟಿ ಮುರಿದಳು. ಮಗ ಮಲ್ಲಪ್ಪ, ಸೊಸೆ ವನಜಾ ಪಕ್ಕದಲ್ಲೇ ಕುಳಿತಿದ್ದರು. ಆಗ ಕಟ್ಟೆಯ ಕಡೆಯಿಂದ ಭೋಂಗಾ ಕೂಗಿತು.

ದಡದಲ್ಲಿದ್ದ ನೆರೆಮನೆಯ ನಲಿನಿ ತಟ್ಟೆ ಕೆಳಗಿಟ್ಟು ಎದ್ದಳು. ಅವಳು ವಿದ್ಯುತ್ ಇಲಾಖೆಯಲ್ಲಿ ನೌಕರಿ ಮಾಡುವವಳು.

"ವನಜಾ, ಆಯೀನ್ನ ಕರಕೊಂಡು ಮ್ಯಾಲ ಬಾ. ನೀರು ಬಿಡಾಕತ್ತಾರ."

"ಕುಂದರ್ರಿ ಅಕ್ಕಾರ," ಎಂದ ಮಲ್ಲಪ್ಪ. "ಊಟದ ಭೋಂಗಾ ಅದು. ಹುಟ್ಟಿದಾಗಿಂದ ಕೇಳೇನಿ, ನನಗ ಕಲಸ್ತೀರೇನು?"

"ಕಾರ್ಖಾನಿ ಭೋಂಗಾ ಒಳಗ ಬಾ ಅಂತೈತಿ ಅಣ್ಣಾರ. ಇದು ಹೊರಗ ನಡಿ ಅಂತೈತಿ."

ಗುರುಬಾಯಿ ನಕ್ಕಳು. "ಮುಗಿಲಾಗ ಒಂದು ಮಾಡ ಇಲ್ಲ. ಮಳಿ ಇಲ್ಲದ ಹೊಳಿ ಎಲ್ಲಿಂದ ಬರತೈತಿ? ನಾ ಕಲ್ಲು ಹೊತ್ತ ಕಟ್ಟಿ ಇದು. ನನ್ನ ನುಂಗತೈತೇನು?"

"ಮಳಿ ಬ್ಯಾಡ ಆಯಿ. ಹೈದರಾಬಾದಿಗೆ ಕರೆಂಟ್ ಬೇಕಾತಂದ್ರ ಇಲ್ಲಿ ಯಂತ್ರ ತಿರಗತಾವ. ಅವನ್ನ ತಿರುಗಿಸಿದ ನೀರೆಲ್ಲ ಈ ಹೊಳಿಗೇ ಬೀಳತೈತಿ. ನಮ್ಮ ಮನ್ಯಾಗ ದೀಪ ಹತ್ತಿದ್ರ ಇಲ್ಲಿ ಹೊಳಿ ಏರತೈತಿ."

ವನಜಾ ತಿರುಗಿ ನೋಡಿದಳು. ಒಣಕಲ್ಲಿನ ಮೇಲೆ ಬಿಟ್ಟು ಬಂದಿದ್ದ ಅವಳ ಚಪ್ಪಲಿ ತೇಲಿ ಹೋಗುತ್ತಿತ್ತು.

"ರೊಟ್ಟಿ ಬಿಡ್ರಿ ಅತ್ತಿ, ಏಳ್ರಿ," ಎಂದು ಅತ್ತೆಯ ರಟ್ಟೆ ಹಿಡಿದಳು. ಮಲ್ಲಪ್ಪ ಏನೋ ಹೇಳಲು ಬಾಯಿ ತೆರೆದ. ನೀರು ಹಿಮ್ಮಡಿಗೆ ತಾಕಿತು. ಬಾಯಿ ಮುಚ್ಚಿ ಅವ್ವನನ್ನು ಬೆನ್ನ ಮೇಲೆ ಹಾಕಿಕೊಂಡ. ದಾಟುವಷ್ಟರಲ್ಲಿ ನೀರು ತೊಡೆಗೆ ಬಂದಿತ್ತು. ಮಲ್ಲಪ್ಪನ ಕಾಲು ಜಾರಿತು. ವನಜಾ ಹಿಂದಿನಿಂದ ಆನಿಸಿಕೊಂಡಳು. ದಡದವರು ಒಬ್ಬರ ಕೈ ಒಬ್ಬರು ಹಿಡಿದು ಮೂವರನ್ನೂ ಎಳೆದುಕೊಂಡರು.

ಹಿಂತಿರುಗಿ ನೋಡಿದರೆ ನಡುಬಂಡೆ ಇರಲಿಲ್ಲ. ಬುತ್ತಿಯ ಗಂಟು ಸುಳಿಯಲ್ಲಿ ಒಂದು ಸುತ್ತು ತಿರುಗಿ ಮುಳುಗಿತು.

"ಊಟದ ಭೋಂಗಾನ ಖರೆ," ಎಂದಳು ಗುರುಬಾಯಿ ಏದುಸಿರಲ್ಲೇ. "ಉಂಡಿದ್ದು ಹೊಳಿ."

ಎಲ್ಲರೂ ನಕ್ಕರು. ವನಜಾ ನಗಲಿಲ್ಲ. ಅವಳ ಕಣ್ಣು ದಡದ ತುಕ್ಕು ಹಿಡಿದ ಫಲಕದ ಮೇಲಿತ್ತು. ಎಚ್ಚರಿಕೆ ಅದರಲ್ಲಿತ್ತು, ಬರೀ ಇಂಗ್ಲಿಷಿನಲ್ಲಿ.

ಒದ್ದೆ ಸೀರೆಯಲ್ಲೇ ಹೆಂಗಸರೆಲ್ಲ ಕಟ್ಟೆಯ ಕಚೇರಿಗೆ ನಡೆದರು. ಭೋಂಗಾ ಕೂಗಿತ್ತಲ್ಲ, ಫಲಕ ಇದೆಯಲ್ಲ ಎಂದರು ಅಲ್ಲಿನ ಸಾಹೇಬರು. ಗುರುಬಾಯಿ ಮುಂದೆ ಬಂದಳು.

"ಸಾಹೇಬ್ರ, ಕಲ್ಲು ಹೊರಿಸೋವಾಗ ನಿಮ್ಮ ಮೇಸ್ತ್ರಿಗಳಿಗೆ ತೆಲುಗು, ಕನ್ನಡ, ಉರ್ದು ಎಲ್ಲಾ ಬರತಿತ್ತು. ಜೀವ ಉಳಿಸೋವಾಗ ಇಂಗ್ಲಿಷ್ ಒಂದ ಉಳೀತೇನು?"

ಸಾಹೇಬರು ಕಡತ ಎತ್ತಿಕೊಂಡು ಹೊರಡಲು ಎದ್ದರು. ಹೆಂಗಸರು ಬಾಗಿಲಿಗೆ ಅಡ್ಡ ಕುಳಿತರು. ಸಂಜೆಯೊಳಗೆ ಬಣ್ಣದ ಡಬ್ಬಿ ಹಿಡಿದು ಫಲಕ ಬರೆಯುವವನು ಬಂದ. ಎಚ್ಚರಿಕೆಯ ಮಾತನ್ನು ನಲಿನಿ ತೆಲುಗಿನಲ್ಲಿ ಹೇಳಿದಳು, ವನಜಾ ಕನ್ನಡದಲ್ಲಿ ಹೇಳಿದಳು, ವ್ಯಾನಿನ ಡ್ರೈವರ್ ಉರ್ದುವಿನಲ್ಲಿ ಹೇಳಿದ. ಮೂರೂ ಕೆಂಪಕ್ಷರದಲ್ಲಿ ಎದ್ದು ನಿಂತವು. ಕಾವಲಿಗೊಬ್ಬ ಆಳೂ ಬಂದ.

ಮುಂದಿನ ವರ್ಷ ಅದೇ ದಡದಲ್ಲಿ ಬುತ್ತಿ ಬಿಚ್ಚಿದಾಗ ಮತ್ತೆ ಭೋಂಗಾ ಕೂಗಿತು. ಹೈದರಾಬಾದಿನ ಉಪ್ಪಲ್‌ನಿಂದ ಬಂದ ಸಂಸಾರವೊಂದು ನೀರಿನ ಅಂಚಿನಲ್ಲೇ ಉಣ್ಣುತ್ತಿತ್ತು. ಕಾವಲಿನವನಿಗಿಂತ ಮೊದಲು ಅವರತ್ತ ಓಡಿದವನು ಮಲ್ಲಪ್ಪ.

"ಏಳ್ರಿ, ಏಳ್ರಿ. ಊಟದ ಭೋಂಗಾ ಅಲ್ಲರಿ ಇದು."

ಓದುವ ಅಕ್ಕಂದಿರೇ, ಅಣ್ಣಂದಿರೇ, ಕಟ್ಟೆ ನಮ್ಮವರ ಬೆವರಿನದು. ಅದರ ಬೆಳಕೂ ನಮ್ಮದು, ಅದರ ದಡದಲ್ಲಿ ಮಕ್ಕಳೊಂದಿಗೆ ನಲಿಯುವ ಹಕ್ಕೂ ನಮ್ಮದು. ಹೋಗಿ, ಕಣ್ತುಂಬ ನೋಡಿ. ಕಟ್ಟೆಯ ಕೆಳಗಿನ ಹೊಳೆಗೆ ಮಾತ್ರ ಇಳಿಯಬೇಡಿ, ಅದು ಎಷ್ಟೇ ಒಣಗಿರಲಿ. ಭೋಂಗಾ ಕೂಗಿದರೆ ಬುತ್ತಿ, ಬಟ್ಟೆ, ಚಪ್ಪಲಿ ಎಲ್ಲ ಬಿಟ್ಟು ಮೇಲೆ ಹತ್ತಿ. ನಿಮ್ಮ ಮಾತಿನಲ್ಲಿ ಎಚ್ಚರಿಕೆ ಬರೆದಿಲ್ಲವೇ? ಹೋಗಿ ಕೇಳಿ. ಬರೆಯುವ ತನಕ ಆ ಬಾಗಿಲಿನಿಂದ ಏಳಬೇಡಿ.