ಈಚಲ ಮೆಳೆಯಲ್ಲಿ ಬಿದ್ದ ಚಿನ್ನಿ

ಸೋಪಿನ ನೀರಿನಲ್ಲಿ ರೇಷ್ಮೆ ನೂಲು ಬೇಯುವಾಗ ಏಳುವ ಹಸಿ ವಾಸನೆ ಮೊಳಕಾಲ್ಮೂರಿನ ನಮ್ಮ ಬೀದಿಯಲ್ಲಿ ಬಟ್ಟೆಗೂ ಕೂದಲಿಗೂ ಅಂಟಿಕೊಂಡಿರುತ್ತಿತ್ತು. ಚಳ್ಳಕೆರೆಯವರ ಜೊತೆ ಚಿನ್ನಿದಾಂಡಿನ ಪಂದ್ಯ ನಡೆದ ದಿನ ಮಾತ್ರ ನೂಲಿನ ಒಲೆಗಳು ಹೊತ್ತಲಿಲ್ಲ, ಮಗ್ಗಗಳು ನಿಂತಿದ್ದವು. ಊರೆಲ್ಲ ಹಳ್ಳದ ಬಯಲಿಗೆ ಬಂದಿತ್ತು. ಅವ್ವನ ಸೆರಗು ಹಿಡಿದು ನಾನೂ ಹೋಗಿದ್ದೆ.

ಆಗೆಲ್ಲ ಎರಡೂ ಊರಿನವರು ಕೂಲಿ ಕೊಟ್ಟು ಆಟಗಾರರನ್ನು ಕರೆಸುತ್ತಿದ್ದರು. ನಮ್ಮ ಕಡೆಗೆ ಸಾಹುಕಾರ ಸೋಮಶೇಖರಪ್ಪನವರು ನನ್ನಿವಾಳದ ಓಬಯ್ಯನನ್ನು ಕರೆಸಿದ್ದರು. ಅವನು ತನ್ನ ಹಟ್ಟಿಯ ದೇವರ ಎತ್ತುಗಳನ್ನು ಕಾಯುವವನು. ಗೆದ್ದರೆ ಪಣದ ರೇಷ್ಮೆ ಸೀರೆ ಅವನಿಗೆ. ತಂದೆಯಿಲ್ಲದ ತಂಗಿ ಕೆಂಚಕ್ಕನಿಗೆ ಮದುವೆಯ ದಿನ ರೇಷ್ಮೆ ಉಡಿಸುತ್ತೇನೆಂದು ಮಾತು ಕೊಟ್ಟಿದ್ದ. ಮದುವೆ ಮುಂದಿನ ಸೋಮವಾರವೇ ಇತ್ತು. ಸೀರೆಯನ್ನು ಬೇವಿನ ಮರಕ್ಕೆ ಹಗ್ಗ ಕಟ್ಟಿ ಎಲ್ಲರಿಗೂ ಕಾಣುವಂತೆ ಹಾಕಿದ್ದರು.

ಹೊಡೆದ ಚಿನ್ನಿ ಎಲ್ಲಿ ಬೀಳುತ್ತದೋ ಅಲ್ಲಿಯವರೆಗೆ ಗುಳಿಯಿಂದ ದಾಂಡಿನಲ್ಲಿ ಅಳೆಯಬೇಕು. ಎಷ್ಟು ದಾಂಡೋ ಅಷ್ಟು ಲೆಕ್ಕ. ಹೊಡೆದವನೇ ಅಳೆಯಬೇಕೆಂಬುದು ನಮ್ಮ ಸೀಮೆಯ ಕಟ್ಟು. ಬೆಳಗಿನಿಂದ ಆಡಿ ಚಳ್ಳಕೆರೆಯವರು ಒಂಬೈನೂರು ದಾಟಿದ್ದರು. ಹೊತ್ತು ಇಳಿಯುವಾಗ ನಾವೂ ಸಮೀಪಕ್ಕೆ ಬಂದೆವು. ಇನ್ನು ಎಪ್ಪತ್ತು ಬೇಕಿತ್ತು. ಉಳಿದದ್ದು ಓಬಯ್ಯನ ಒಂದೇ ಏಟು.

"ಲೇ ಓಬಯ್ಯ, ಎತ್ತಿನ ಬಾಲ ಹಿಡಿದ ಕೈ ನಡುಗ್ತೈತೇನೋ?" ಎಂದು ಚಳ್ಳಕೆರೆಯ ಜಯಣ್ಣ ಕೆಣಕಿದ.

"ನಿನ್ ಕಾಲು ನೋಡ್ಕಳಲೇ. ನನ್ ಚಿನ್ನಿ ಹುಡುಕಿ ಹುಡುಕಿ ಸವೆದಾವು," ಎಂದ ಓಬಯ್ಯ.

ಜನ ನಕ್ಕರು. ಅವನು ಚಿನ್ನಿಯನ್ನು ಎಬ್ಬಿಸಿ ಬೀಸಿದ. ಅದು ಎಲ್ಲರ ತಲೆಯ ಮೇಲೆ ಹಾರಿ, ಗಾಳಿಗೆ ವಾಲಿ, ಹಳ್ಳದಂಚಿನ ಈಚಲ ಮೆಳೆಯೊಳಗೆ ಬಿತ್ತು. ನಮ್ಮವರು ಗೆದ್ದೆವೆಂದೇ ಕೂಗಿದರು. ಓಬಯ್ಯ ಬಗ್ಗಿ ಅಳೆಯುತ್ತ ನಡೆದ. ಅರವತ್ತಾರಕ್ಕೆ ನಿಂತುಬಿಟ್ಟ.

ಮುಂದೆ ನೆಲದ ತುಂಬ ಈಚಲ ಗರಿ. ಅವರ ಹಟ್ಟಿಯವರಿಗೆ ಈಚಲು ಮೈಲಿಗೆ, ಮುಟ್ಟುವುದಿಲ್ಲ. ದೇವರ ಎತ್ತು ಕಾಯುವವನು ಮುಟ್ಟಿದರಂತೂ ಮತ್ತೆ ಎತ್ತುಗಳ ಬಳಿ ಸುಳಿಯುವಂತಿಲ್ಲ. ಇದು ನಮಗೆಲ್ಲ ಗೊತ್ತಿತ್ತು. ಬಯಲು ಆರಿಸುವಾಗ ಯಾರಿಗೂ ನೆನಪಾಗಿರಲಿಲ್ಲ.

"ಇನ್ನು ನಾಕೈದು ದಾಂಡೈತೆ, ನಡಿಯೋ," ಎಂದರು ಸಾಹುಕಾರರು.

"ಈಚಲು ಸಾವ್ಕಾರ್ರೆ."

"ತಪ್ಪು ಕಾಣಿಕೆ ನಾನು ಕಟ್ತೀನಿ."

"ನಾಳೆ ಎತ್ತಿನ ಹತ್ರ ಹೋಗೋರ್ಯಾರು?"

ಸಾಹುಕಾರರು ಜಯಣ್ಣನ ಕಡೆ ತಿರುಗಿದರು. "ಬೇರೆಯೋನು ಅಳೀಲಿ ಬಿಡಪ್ಪ."

"ಹೊಡೆದೋನೇ ಅಳೀಬೇಕ್ರಿ. ಬೆಳಿಗ್ಗೆ ನೀವೇ ಹೇಳಿದ್ರಿ," ಎಂದ ಜಯಣ್ಣ. ಈಗ ಅವನ ದನಿಯಲ್ಲಿ ಕುಚೋದ್ಯವಿರಲಿಲ್ಲ.

ಓಬಯ್ಯ ಒಮ್ಮೆ ಬೇವಿನ ಮರದ ಕಡೆ ನೋಡಿದ. ಆಮೇಲೆ ದಾಂಡನ್ನು ಗರಿಗಳಿಂದ ಈಚೆಗೆ, ಮಣ್ಣಿನ ಮೇಲೆ ಮೆಲ್ಲನೆ ಮಲಗಿಸಿದ. ಸೀರೆ ಜಯಣ್ಣನ ಹೆಗಲಿಗೆ ಹೋಯಿತು. ನಮ್ಮವರೇ ಯಾರೋ "ಹಟ್ಟಿ ಬುದ್ಧಿ" ಎಂದು ಉಗಿದರು.

ಸಾಹುಕಾರರ ಅಂಗಳದಲ್ಲಿ ಎಲ್ಲರಿಗೂ ಕೋಳಿ ಸಾರಿನ ಊಟ ಸಿದ್ಧವಾಗಿತ್ತು. ಓಬಯ್ಯನ ಹಟ್ಟಿಯವರು ಕೋಳಿಯನ್ನೂ ಮುಟ್ಟುವುದಿಲ್ಲ. ಅದು ಬೆಂದ ಮನೆಯ ನೀರನ್ನೂ ಅವನು ಕುಡಿಯಲಿಲ್ಲ. ಹೊರಗೆ ನಮ್ಮ ಮನೆಯೆದುರಿನ ಕಲ್ಲಿನ ಮೇಲೆ ಕೂತಿದ್ದ. ಅವ್ವ ಕೊಡ ಹೊತ್ತು ಬಂದಾಗ, "ಕೆಂಚಿಗೆ ಏನಂತ ಹೇಳ್ಲಿ ಅಕ್ಕಾ?" ಎಂದ.

ಅವ್ವ ಕೊಡ ಇಳಿಸಿದಳು. ಒಳಗೆ ಹೋಗಿ, ಕೋಳಿ ಬೆಂದ ಪಾತ್ರೆಗಳನ್ನು ಬಿಟ್ಟು, ಇನ್ನೂ ಒಲೆ ಕಾಣದ ಹೊಸ ಮಡಕೆಯೊಂದನ್ನು ತಂದಳು. ಬೀದಿಯ ಅಂಚಿನಲ್ಲೇ ಮೂರು ಕಲ್ಲು ಹೂಡಿ ನವಣೆ ಅನ್ನ ಬೇಯಿಸಿದಳು. ಒರಳನ್ನು ಎರಡು ಸಲ ತೊಳೆದು ಶೇಂಗಾ ಚಟ್ನಿ ಅರೆದಳು. ಮುತ್ತುಗದ ಎಲೆಯಲ್ಲಿ ಬಡಿಸಿ, ಎರಡೂ ಕೈಯಿಂದ ಅವನ ಕೈಗೆ ಕೊಟ್ಟಳು.