ಕೆಳಗಿನ ಮೆಟ್ಟಿಲು

ಲಿಫ್ಟ್ ರಿಪೇರಿ ಮಾಡುವವರ ಹಣೆಬರಹ ನೋಡಿ, ಅವರು ಹೋದ ಕಡೆಯಲ್ಲೆಲ್ಲ ಲಿಫ್ಟ್ ಕೆಟ್ಟಿರುತ್ತದೆ! ಊರವರ ಕಾಲಿಗೆಲ್ಲ ಆರಾಮ ಮಾಡಿಕೊಡುವವರು ತಾವು ಮಾತ್ರ ಮೆಟ್ಟಿಲು ಹತ್ತಿಯೇ ಸಾಯಬೇಕು. ಅದೂ ಬರಿಗೈಯಲ್ಲಲ್ಲ. ಯಂತ್ರದ ಕೋಣೆ ಇರುವುದು ಕಟ್ಟಡದ ನೆತ್ತಿಯಲ್ಲಿ, ಚೀಲ ಇರುವುದು ಕೈಯಲ್ಲಿ.

ಆ ಚೀಲಕ್ಕೆ ಗೊಣಗಣ್ಣ ಹಿಡಿಶಾಪ ಹಾಕದ ದಿನವಿರಲಿಲ್ಲ. ಅವನಿಗೆ ಆ ಹೆಸರು ಅಂಟಿದ್ದೇ ಅದರಿಂದ. ಸ್ಪ್ಯಾನರು, ಮೀಟರು, ಟಾರ್ಚು ಇವೆಲ್ಲ ಅಂಥ ಭಾರವೇನಲ್ಲ. ಜೀವ ತಿನ್ನುತ್ತಿದ್ದದ್ದು ಫೈಲುಗಳು. ಒಂದೊಂದು ಕಂಪನಿಯ ಲಿಫ್ಟಿಗೂ ಒಂದೊಂದು ದಪ್ಪ ಫೈಲು, ಯಾವ ವೈರು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ತೋರಿಸುವ ನಕ್ಷೆಗಳು. ಎಲ್ಲಿ ಯಾವುದು ಬೇಕಾಗುತ್ತದೋ ಯಾರಿಗೆ ಗೊತ್ತು ಎಂದು ಎಲ್ಲವನ್ನೂ ಹೊರಬೇಕು. ಹಾಗಾಗಿ ಚೀಲಕ್ಕೆ ಎರಡು ಹಿಡಿ, ಹೊರಲು ಇಬ್ಬರು. ಒಂದು ಹಿಡಿ ಗೊಣಗಣ್ಣನದು, ಇನ್ನೊಂದು ಅವನ ಜೊತೆಗಾರ ಕಂಬನದು.

ಕಂಬ ಅಂದರೆ ಕಂಬವೇ. ಯಾವ ಬಾಗಿಲಿಗೆ ಹೋದರೂ ತಲೆ ತಗ್ಗಿಸಿಯೇ ಒಳಗೆ ಬರುವ ಆಳು. ಗೊಣಗಣ್ಣನೋ ಗಿಡ್ಡ. ಇಬ್ಬರೂ ಒಂದೇ ಮೆಟ್ಟಿಲ ಮೇಲೆ ನಿಂತರೆ ಚೀಲ ವಾಲಿಕೊಳ್ಳುತ್ತಿತ್ತು. ಅದಕ್ಕೆ ಕಂಬ ಯಾವಾಗಲೂ ಒಂದು ಮೆಟ್ಟಿಲು ಕೆಳಗೆ. ಹತ್ತುವಾಗ ಹಿಂದೆ, ಇಳಿಯುವಾಗ ಮುಂದೆ. ಯಾರೂ ಹೇಳಿ ಮಾಡಿಸಿದ್ದಲ್ಲ, ಮೊದಲ ದಿನ ಹಾಗಾಯಿತು, ಆಮೇಲೆ ಅದೇ ಪದ್ಧತಿಯಾಯಿತು.

ಮೂರನೇ ಮಹಡಿಯಲ್ಲಿ ಚೀಲ ಇಳಿಸಿ ಸುಧಾರಿಸಿಕೊಳ್ಳುವುದೂ ಪದ್ಧತಿಯೇ. ಅಲ್ಲಿ ಗೊಣಗಣ್ಣನ ಕಛೇರಿ ಶುರು. "ಭುಜ ಬಿದ್ದೇ ಹೋಯ್ತು ಕಣೋ. ಈ ಚೀಲ ನನ್ನ ಹೆಣದ ಜೊತೆಗೇ ಬರೋದು, ಬರೆದಿಟ್ಕೋ."

"ಹೂಂ ಅಣ್ಣ," ಎಂದು ಕಂಬ ನಗುತ್ತಿದ್ದ. ಅವನ ಪಾಲಿನ ಮಾತು ಅಷ್ಟೇ.

ಅಷ್ಟೇ ಸಾಕಿತ್ತು. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಗೊಣಗಿದರೆ ಕೇಳುವವರು ಯಾರು? ಅಕ್ಕ ಭಾನುವಾರ ಫೋನ್ ಮಾಡಿ "ಉಂಡ್ಯಾ?" ಎನ್ನುತ್ತಿದ್ದಳು. ಅವನು ಹೂಂ ಅನ್ನುವುದರೊಳಗೆ ತನ್ನ ಸೊಸೆಯ ಪುರಾಣ ಬಿಚ್ಚುತ್ತಿದ್ದಳು. ಹಾಗಾಗಿ ಗೊಣಗಣ್ಣನ ಬಾಯಿ ತೆರೆಯುತ್ತಿದ್ದದ್ದು ಮೆಟ್ಟಿಲ ಮೇಲೆ ಮಾತ್ರ.

ಆ ಬಾಯಿಯೇ ಅವನಿಗೆ ಮುಳುವಾಯಿತು. ಕಂಪನಿಯ ಮೀಟಿಂಗಿನಲ್ಲಿ ಸೂಪರ್‌ವೈಸರ್ ಮೇಡಂ "ಏನಾದ್ರೂ ತೊಂದರೆ ಇದೆಯಾ?" ಎಂದು ಕೇಳಿದ್ದೇ ತಡ, ಇವನು ಚೀಲವನ್ನು ತಂದು ಅವರ ಮೇಜಿನ ಮೇಲೆ ಧೊಪ್ಪನೆ ಕುಕ್ಕಿದ. ಮೇಡಮ್ಮಿನ ಲೋಟ ಉರುಳಿ ನೀರೆಲ್ಲ ಚೆಲ್ಲಿತು. "ನೀವೇ ಒಂದ್ಸಲ ಎತ್ತಿ ನೋಡಿ ಮೇಡಂ," ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಕಂಬ ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತಿದ್ದ.

ಸ್ವಲ್ಪ ದಿನಕ್ಕೆ ಟ್ಯಾಬ್ಲೆಟ್ ಬಂತು. ಊಟದ ತಟ್ಟೆಗಿಂತ ಹಗುರ, ಅಷ್ಟೂ ಫೈಲು ಅದರ ಹೊಟ್ಟೆಯೊಳಗೆ. ನಕ್ಷೆಯನ್ನು ಎರಡು ಬೆರಳಲ್ಲಿ ಹಿಗ್ಗಿಸಿದರೆ ಕನ್ನಡಕವಿಲ್ಲದೆಯೂ ಕಾಣುತ್ತಿತ್ತು. ಕೆಲಸದ ನಡುವೆ ಸಿಕ್ಕಿಕೊಂಡರೆ 'ಸಹಾಯ' ಎಂದು ಒತ್ತಬೇಕು, ಬೇರೆ ಕಡೆ ಬಿಡುವಾಗಿರುವ ಯಾವನಾದರೂ ಮೆಕ್ಯಾನಿಕ್ ಪರದೆಯ ಮೇಲೆ ಬರುತ್ತಾನೆ. ಕೊನೆಗೆ ಅದು 'ಸಮಸ್ಯೆ ಬಗೆಹರಿಯಿತೇ?' ಎಂದು ಕೇಳುತ್ತದೆ. 'ಹೌದು' ಒತ್ತಿದರೆ ಮುಗಿಯಿತು. 'ಇಲ್ಲ' ಒತ್ತಿದರೆ ಅದೇ ಮೆಕ್ಯಾನಿಕ್ ಮಾರನೇ ದಿನ ತಾನಾಗಿ ಕರೆ ಮಾಡಲೇಬೇಕು. 'ಇಲ್ಲ' ಒತ್ತಿದವನ ಹೆಸರು ಮೇಡಮ್ಮಿನ ಮುಂದೆ ಕೆಂಪಗೆ ಮೂಡುತ್ತದೆ. ಗೊಣಗಣ್ಣ ಮೀಸೆ ತಿರುವಿದ. ಕೆಲಸದಲ್ಲಿ ಅವನ ಹೆಸರು ಇಷ್ಟು ವರ್ಷ ಕೆಂಪಾಗಿದ್ದೇ ಇಲ್ಲ.

ಆಮೇಲೆ ಮೇಡಂ ಅಂದರು, "ಚೀಲ ಹಗುರ ಆಯ್ತಲ್ಲ, ಇನ್ನು ಒಂದು ಕಟ್ಟಡಕ್ಕೆ ಇಬ್ಬರು ಯಾಕೆ?"

ಅಯ್ಯೋ ಶಿವನೇ! ಇದು ಅವನ ತಲೆಗೆ ಹೊಳೆದೇ ಇರಲಿಲ್ಲ. ಕಂಬನನ್ನು ಊರಿನ ಆ ತುದಿಗೆ ಹಾಕಿದರು. ಹೊರಡುವ ದಿನ ಕಂಬ ಹಳೆಯ ಚೀಲವನ್ನು ಗೋದಾಮಿನ ಮೂಲೆಯಲ್ಲಿ ಇಟ್ಟು, ಅದರ ಧೂಳು ಕೊಡವಿ, "ನಿನ್ನ ಭುಜ ಉಳೀತು ಬಿಡಣ್ಣ," ಎಂದ. ಗೊಣಗಣ್ಣನಿಗೆ ಜೀವಮಾನದಲ್ಲಿ ಮೊದಲ ಸಲ ಗೊಣಗಲು ಒಂದು ಮಾತೂ ಸಿಗಲಿಲ್ಲ.

ಈಗ ಅವನು ಒಬ್ಬನೇ. ಹೆಗಲಿಗೊಂದು ಪುಟ್ಟ ಬ್ಯಾಗು. ದಮ್ಮು ಕಟ್ಟುವುದಿಲ್ಲ, ಬೆವರು ಬರುವುದಿಲ್ಲ, ಆದರೂ ಮೂರನೇ ಮಹಡಿ ಬಂದರೆ ಕಾಲು ತಾನಾಗಿ ನಿಲ್ಲುತ್ತಿತ್ತು. "ಈ ಕಟ್ಟಡ ಕಟ್ಟಿದವನ ಮನೆ ಹಾಳಾಗ," ಎಂದು ಒಮ್ಮೆ ಗಟ್ಟಿಯಾಗಿ ಅಂದು ನೋಡಿದ. ಗೋಡೆಗೆ ಬಡಿದು ಅವನ ದನಿಯೇ ವಾಪಸ್ಸು ಬಂತು. ಒಂದು ಮನೆಯ ಬಾಗಿಲು ಸ್ವಲ್ಪ ತೆರೆದು, ಒಬ್ಬ ಹೆಂಗಸು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬಾಗಿಲು ಹಾಕಿಕೊಂಡಳು. ಅವನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಅಳು ಬಂತು.

ಅವತ್ತೇ ಅವನು ಮೊದಲ ಬಾರಿ 'ಸಹಾಯ' ಒತ್ತಿದ್ದು. ಬಾಗಿಲು ಮುಚ್ಚದ ಲಿಫ್ಟು, ಕಣ್ಣು ಕಟ್ಟಿದರೂ ಸರಿಮಾಡುವಂಥದ್ದು. ಆದರೆ ಒತ್ತಿದರೆ ಕಂಬ ಸಿಕ್ಕರೂ ಸಿಗಬಹುದಲ್ಲ? ಸಿಕ್ಕಿದ್ದು ಯಾವನೋ ಕಿವಿಗೆ ವೈರು ಸಿಕ್ಕಿಸಿಕೊಂಡವನು. "ಬಾಗಿಲ ಹಳಿಯಲ್ಲಿ ಕಸ ಇದೆಯಾ ನೋಡಿ ಸಾರ್," ಎಂದ. ಗೊಣಗಣ್ಣನಿಗೇ ಕಸದ ಪಾಠ! ಮಾರನೇ ದಿನ ಮತ್ತೆ ಒತ್ತಿದ. ಅದರಾಚೆ ದಿನವೂ ಒತ್ತಿದ. ಪ್ರತಿ ಸಲ ಬೇರೆ ಯಾರದೋ ಮುಖ.

ಮೇಡಂ ಕರೆಸಿದರು. "ಏನಣ್ಣಾ ಇದು? ಸಣ್ಣಪುಟ್ಟದ್ದಕ್ಕೆಲ್ಲ ಸಹಾಯ ಒತ್ತುತ್ತಾ ಇದ್ದೀರಿ. ಕಷ್ಟ ಆದ್ರೆ ಹೇಳಿ, ಗೋದಾಮಿನಲ್ಲಿ ಕೂತು ಮಾಡೋ ಕೆಲಸ ಕೊಡ್ತೀನಿ."

"ಏನೂ ಕಷ್ಟ ಇಲ್ಲ ಮೇಡಂ."

"ಇದರ ಜೊತೆಗೆ ಒಂದು ಸಲ ಹೆಸರೂ ಕೆಂಪಾದ್ರೆ ನನ್ನ ಕೈಲಿ ಏನೂ ಇರಲ್ಲ. ಮೇಲಿನವರು ಕೇಳ್ತಾರೆ."

ಒಬ್ಬನೇ ಆದರೂ ಹೊರಗೆ ಓಡಾಡುವ ಕೆಲಸ. ಗೋದಾಮಿನಲ್ಲಿ ನಟ್ಟು ಬೋಲ್ಟುಗಳ ನಡುವೆ ಕೂತರೆ ಬದುಕು ಮುಗಿದ ಹಾಗೆಯೇ. ಇನ್ನು 'ಸಹಾಯ' ಒತ್ತುವುದಿಲ್ಲವೆಂದು ಗೊಣಗಣ್ಣ ಗಟ್ಟಿ ಮನಸ್ಸು ಮಾಡಿದ. ಆ ಗಟ್ಟಿ ಮನಸ್ಸು ಸೋಮವಾರದವರೆಗೆ ಉಳಿಯಿತು.

ಸೋಮವಾರ ಒಂದು ಎತ್ತರದ ಕಟ್ಟಡದ ಲಿಫ್ಟು ಸರಿಮಾಡಿ, ಓಡಿಸಿ ನೋಡಿ, ಯಂತ್ರದ ಕೋಣೆಯ ನೆಲದ ಮೇಲೆ ಕೂತ. ಕೆಲಸ ಮುಗಿದಿತ್ತು. ಬೆಳಿಗ್ಗೆಯಿಂದ ಯಾರ ಹತ್ತಿರವೂ ಮಾತಾಡಿಲ್ಲವೆಂಬುದು ನೆನಪಾಯಿತು. ಇದೇ ಕೊನೆ ಎಂದುಕೊಂಡು ಒತ್ತಿದ.

ಪರದೆಯ ಮೇಲೆ ಮೊದಲು ಒಂದು ಗದ್ದ ಬಂತು. ಆಮೇಲೆ ಮೂಗು. ಟ್ಯಾಬ್ಲೆಟ್ಟನ್ನು ಎಷ್ಟು ಮೇಲೆತ್ತಿದರೂ ಪೂರ್ತಿ ಮುಖ ಹಿಡಿಸದ ಆಳು ಒಬ್ಬನೇ.

"ಕಂಬಾ!"

"ಅಣ್ಣಾ! ಏನು ಫಾಲ್ಟು?"

"ಫಾಲ್ಟು ಮನೆ ಹಾಳಾಗ್ಲಿ. ಎಲ್ಲಿ ಸತ್ತಿದ್ದೆ ಇಷ್ಟು ದಿನ? ಈ ಟ್ಯಾಬ್ಲೆಟ್ ಇದೆಯಲ್ಲ, ಇದಕ್ಕಿಂತ ದರಿದ್ರ ಇನ್ನೊಂದಿಲ್ಲ ಕಣೋ. ನೀನು ಮೇಡಂ ಹತ್ತಿರ ಹೋಗಿ ಒಂದು ಮಾತು ಹೇಳು. ನಾನೂ ಹೇಳ್ತೀನಿ. ಮತ್ತೆ ಜೋಡಿ ಹಾಕಲಿ."

ಕಂಬ ನಗಲಿಲ್ಲ.

"ಬೇಡ ಅಣ್ಣ," ಎಂದ. "ಈ ಕಡೆಗೆ ಹಾಕಿ ಅಂತ ನಾನೇ ಕೇಳ್ಕೊಂಡಿದ್ದು. ಇಲ್ಲೆಲ್ಲ ಗಿಡ್ಡ ಕಟ್ಟಡಗಳು. ನನ್ನ ಮಂಡಿ ಹೋಗಿದೆ."

"ಮಂಡಿನಾ? ಯಾವಾಗ?"

"ಯಾವಾಗಿಂದಲೋ. ಕೆಳಗಿನ ಮೆಟ್ಟಿಲು ಯಾವಾಗಲೂ ನಂದೇ ಅಲ್ವಾ ಅಣ್ಣ. ಭಾರ ಎಲ್ಲ ಕೆಳಗೇ ಜಾರುತ್ತೆ."

ಪ್ರತಿ ಕಟ್ಟಡದ ಮೂರನೇ ಮಹಡಿಯಲ್ಲೂ ಗೊಣಗಣ್ಣ ತನ್ನ ಭುಜದ ಕಥೆ ಹೇಳಿದ್ದ. ಎದುರಿಗೆ ಗೋಡೆ ಹಿಡಿದು ನಿಂತು ನಗುತ್ತಿದ್ದವನನ್ನು, ನೀನ್ಯಾಕೋ ಗೋಡೆ ಹಿಡ್ಕೊಂಡಿದ್ದೀಯ ಎಂದು ಒಮ್ಮೆಯಾದರೂ ಕೇಳಿರಲಿಲ್ಲ.

"ಹೇಳಬಾರದಿತ್ತೇನೋ?"

"ನೀನು ಮಾತಾಡ್ತಾ ಇದ್ಯಲ್ಲ ಅಣ್ಣ," ಎಂದ ಕಂಬ. ಅದರಲ್ಲಿ ಕೊಂಕೇನೂ ಇರಲಿಲ್ಲ, ಅದೇ ಹೆಚ್ಚು ಚುಚ್ಚಿತು.

"ಈಗ ಹೇಳು," ಎಂದ ಗೊಣಗಣ್ಣ. "ಎಡಗಾಲಾ, ಬಲಗಾಲಾ? ಡಾಕ್ಟರಿಗೆ ತೋರಿಸಿದ್ಯಾ?"

ಕಂಬ ಮೊದಲು ತಡವರಿಸಿದ. ಎಡಗಾಲು ಎಂದ. ಬೆಳಿಗ್ಗೆ ಏಳುವಾಗ ಪ್ರಾಣ ಹೋದ ಹಾಗಾಗುತ್ತದೆ ಎಂದ. ಆ ಡಾಕ್ಟರಿಗೆ ಮಂಡಿ ಎಲ್ಲಿದೆ ಅಂತಲೇ ಗೊತ್ತಿಲ್ಲ ಎಂದು ಬೈದ. ಹೇಳುತ್ತ ಹೇಳುತ್ತ ಅವನ ದನಿ ಏರಿತು. ಇಷ್ಟು ವರ್ಷದಲ್ಲಿ ಕಂಬ ಗೊಣಗಿದ್ದನ್ನು ಗೊಣಗಣ್ಣ ಕೇಳಿರಲೇ ಇಲ್ಲ. "ಹೂಂ," ಎಂದ. ಮತ್ತೆ "ಹೂಂ" ಎಂದ. ನಡುವೆ ಬಾಯಿ ಹಾಕಲಿಲ್ಲ.

"ಅಣ್ಣ, ಇಲ್ಲಿ ಕರೀತಾ ಇದ್ದಾರೆ, ಇಡ್ತೀನಿ," ಎಂದ ಕಂಬ ಅರ್ಧದಲ್ಲೇ. "ಆ ಡಾಕ್ಟರು ಆಮೇಲೆ ಏನಂದ ಗೊತ್ತಾ..."

ಕರೆ ಕಡಿಯಿತು. ಕೋಣೆಯಲ್ಲಿ ಮೋಟರಿನ ಸದ್ದು ಮಾತ್ರ ಉಳಿಯಿತು. ಲಿಫ್ಟು ಯಾರನ್ನೋ ಹೊತ್ತು ಮೇಲೆ ಬರುತ್ತಿತ್ತು, ಸೊಗಸಾಗಿ, ಒಂದು ಅಲುಗಾಟವಿಲ್ಲದೆ. ಪರದೆಯ ಮೇಲೆ ಆ ಪ್ರಶ್ನೆ ಬಂದು ನಿಂತಿತು: 'ಸಮಸ್ಯೆ ಬಗೆಹರಿಯಿತೇ?'

ಗೊಣಗಣ್ಣನಿಗೆ ಗೋದಾಮು ನೆನಪಾಯಿತು. ಮೂಲೆಯಲ್ಲಿ ಕೂತ ಆ ಹಳೆಯ ಚೀಲವೂ ನೆನಪಾಯಿತು. ಹೋದರೆ ಹೋಗಲಿ. ಡಾಕ್ಟರು ಏನಂದ ಅಂತ ನಾಳೆ ಕಂಬ ಹೇಳಲೇಬೇಕು.

'ಇಲ್ಲ' ಎಂದು ಒತ್ತಿ, ಟ್ಯಾಬ್ಲೆಟ್ಟನ್ನು ಬ್ಯಾಗಿಗೆ ಹಾಕಿಕೊಂಡು ಎದ್ದ. ಲಿಫ್ಟು ಸರಿಯಾಗಿತ್ತು, ಆದರೂ ಅವನು ಮೆಟ್ಟಿಲಲ್ಲೇ ಇಳಿದ.